ನವರಂಗದ ಹೆಜ್ಜೆ

ಮಳವಳ್ಳಿ ಹತ್ತಿರದ ಕಾಡಿನಲ್ಲಿ ಶ್ರೀಗಂಧದ ಮರವೊಂದು ಬೇರುಸಮೇತ ಮಾಯವಾಗಿತ್ತು. ಉಳಿದಿದ್ದು ಒಂದು ಗುಂಡಿ. ಅದರ ಪಕ್ಕ ಸೈಕಲ್ ರಿಪೇರಿಯ ಜಲಾಲ್ ನಿಂತಿದ್ದ, ಕೈಗೆ ಹಗ್ಗ. ಕಟ್ಟಿದವನು ನಾನೇ, ಠಾಣೆಯ ಪೇದೆ. 1941ರ ಏಪ್ರಿಲ್. ಹಿಂದಿನ ಸಂಜೆ ವರ್ಷದ ಮೊದಲ ಮಳೆ ಬಿದ್ದಿತ್ತು.

ಹಿಡಿದುಕೊಟ್ಟವನು ಕಾಡು ಕಾಯುವ ಗಾರ್ಡು ಕೆಂಪಸಿದ್ದಯ್ಯ. ಮಳೆಗೆ ಮುಂಚೆ ಜಲಾಲ್ ಮರ ಅಗೆದು ಸಾಗಿಸಿದನಂತೆ, ಗುಂಡಿ ಕಂಡ ಗಾರ್ಡು ರಾತ್ರಿಯೆಲ್ಲ ಹೊಂಚುಹಾಕಿ ಕೂತನಂತೆ, ಬೆಳಗ್ಗೆ ಮಣ್ಣಲ್ಲುಳಿದ ಬೇರಿನ ಚೂರಿಗೆ ಜಲಾಲ್ ಮತ್ತೆ ಬಂದನಂತೆ. ಜಲಾಲನ ಮೊಣಕೈ, ಮೊಣಕಾಲಿಗೆಲ್ಲ ಕೆಸರು. ಇನ್ನೇನು ಬೇಕು ಎಂದುಕೊಂಡೆ. ಗಂಧದ ಕಳ್ಳತನವೆಂದರೆ ಜೈಲು. ಅವನ ತಾಯಿ ಜೈನಾಬ್ ಬೀಗೆ ಇವನೊಬ್ಬನೇ ದಿಕ್ಕು. ಆಕೆ ಸೆರಗು ಕಚ್ಚಿಕೊಂಡು ದೂರ ನಿಂತಿದ್ದಳು.

"ನವರಂಗ ನೋಡಾಕ್ ಬಂದಿದ್ದೆ ಸಾಮಿ," ಎಂದ ಜಲಾಲ್. ಅವನ ಕುತ್ತಿಗೆಯಲ್ಲಿ ಹಳೇ ದುರ್ಬೀನು. ಬಣ್ಣಬಣ್ಣದ ಆ ಹಕ್ಕಿ ಬಡಗಲಿಗೆ ಹೋಗುವಾಗ ಇಲ್ಲಿ ಎರಡು ದಿನ ತಂಗುತ್ತದಂತೆ. ಮಳೆಯಾದ ಮೇಲೆ ನೆಲಕ್ಕಿಳಿದು ತರಗೆಲೆ ಮಗುಚಿ ಹುಳ ಹೆಕ್ಕುತ್ತದಂತೆ. ನನಗೆ ನಗು ಬಂತು. ಇನ್ಸ್‌ಪೆಕ್ಟರ್ ಹೊನ್ನಯ್ಯ ಸಾಹೇಬರು ನಗಲಿಲ್ಲ.

* * *

"ನೀನು ಎಲ್ಲಿ ಕುಂತಿದ್ದೆ?" ಎಂದು ಗಾರ್ಡನ್ನು ಕೇಳಿದರು.

ಅವನು ಲಾಂಟಾನ ಪೊದೆ ತೋರಿಸಿದ. "ಇದ್ರೊಳಗೇ ಸಾಮಿ. ನೆನ್ನೆ ಸಂಜೆಯಿಂದ ಬೆಳಗಾಗೋಗಂಟ ಅಳ್ಳಾಡ್ಲಿಲ್ಲ. ಮನೆ ಕಡೆಗೂ ಓಗ್ಲಿಲ್ಲ."

ಸಾಹೇಬರು ಮಂಡಿಯೂರಿ ಪೊದೆಯೊಳಗೆ ಇಣುಕಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ಗಾರ್ಡನ ಮನೆಗೆ ನಡೆದರು, ನಾವೆಲ್ಲ ಹಿಂದೆ. ಹಿತ್ತಲಲ್ಲಿ ಹುಲ್ಲಿನ ಮೆದೆ ಇತ್ತು. ಅದನ್ನು ಒಮ್ಮೆ ಸವರಿ, ಕೆದರು ಎಂದು ನನಗೆ ಹೇಳಿದರು. ಎರಡು ತೆಕ್ಕೆ ಹುಲ್ಲು ಎಳೆಯುವಷ್ಟರಲ್ಲೇ ಗಂಧದ ವಾಸನೆ ಘಮ್ಮೆಂದಿತು. ಒಳಗೆ ಮಣ್ಣು ಮೆತ್ತಿದ ಬೇರು, ತುಂಡುಗಳು.

ಕೆಂಪಸಿದ್ದಯ್ಯ ಸಾಹೇಬರ ಕಾಲಿಗೆ ಬಿದ್ದ.

* * *

ಠಾಣೆಗೆ ಮರಳುವ ದಾರಿಯಲ್ಲಿ ಸಾಹೇಬರು ಬಿಡಿಸಿ ಹೇಳಿದರು. ಪೊದೆಯೊಳಗೆ ತರಗೆಲೆಯೆಲ್ಲ ಮಗುಚಿತ್ತು. ಹಸಿ ಮಣ್ಣಿನ ಮೇಲೆ ಹಕ್ಕಿಯ ಹೆಜ್ಜೆಗಳಿದ್ದವು, ಗಾರ್ಡನ ಬೂಟಿನ ಗುರುತು ಒಂದೂ ಇರಲಿಲ್ಲ. ಮನುಷ್ಯ ಕೂತ ಕಡೆ ನವರಂಗ ಸುಳಿಯುವುದಿಲ್ಲ. ಹಾಗಾದರೆ ಗಾರ್ಡು ಅಲ್ಲಿರಲಿಲ್ಲ. ಇನ್ನೆಲ್ಲಿದ್ದ? ಊರಿನ ಮೆದೆಗಳೆಲ್ಲ ಮೇಲೆ ನೆನೆದಿದ್ದರೆ ಅವನದು ಮೇಲೇ ಒಣಗಿತ್ತು. ಮಳೆ ನಿಂತ ಮೇಲೆ ಬಿಚ್ಚಿ, ಒಳಗಿನ ಒಣಹುಲ್ಲು ಮೇಲೆ ಬರುವಂತೆ ಮತ್ತೆ ಒಟ್ಟಿದ್ದ. ಜಲಾಲನ ಕೆಸರು ಬೋರಲು ಮಲಗಿ ಹಕ್ಕಿ ನೋಡಿದ ಕೆಸರು. ಬೇರು ಅಗೆದವನ ಉಗುರಲ್ಲಿ ಮಣ್ಣಿರಬೇಡವೇ? ಇವನದು ಬರೀ ಗ್ರೀಸು.

ನಾನು ಕಟ್ಟಿದ ಹಗ್ಗ ನಾನೇ ಬಿಚ್ಚಿದೆ. ನಾಚಿಕೆಯಾಯಿತು, ಹಿಂದೆಯೇ ಎದೆಯೂ ಹಗುರಾಯಿತು. ಜೈನಾಬ್ ಬೀ ಮಗನ ತಲೆಗೊಂದು ಮೊಟಕಿ, ತಬ್ಬಿಕೊಂಡು ಅತ್ತಳು.

ಸಾಕ್ಷಿಗೆಂದು ತೆಗೆದುಕೊಂಡಿದ್ದ ದುರ್ಬೀನನ್ನು ಸಾಹೇಬರು ವಾಪಸು ಚಾಚಿದರು, ಆದರೆ ಅದರ ಮೇಲಿನ ಹಿಡಿತ ಬಿಡಲಿಲ್ಲ. "ನಾಳೆನೂ ಇರ್ತದಾ ಆ ಹಕ್ಕಿ?"

"ಇರ್ತದೆ ಸಾಮಿ, ಬನ್ನಿ," ಎಂದ ಜಲಾಲ್. ಆಮೇಲೆ ನಮ್ಮಿಬ್ಬರ ಕಾಲು ನೋಡಿದ. "ಬೂಟ್ಸು ಮಾತ್ರ ಮನೇಲೇ ಬುಟ್ಟು ಬನ್ನಿ."