ಬರುವವರಿಗೆ ಊದುವುದು

ಸಹಿಗೆ ಉದ್ದುದ್ದ ಬಾಲ ಬಿಡುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ವಿಶಾಖಪಟ್ಟಣದ ದ್ವಾರಕಾ ನಗರದ ಬ್ಯಾಂಕಿನಲ್ಲಿ ಆಗ ನಾನು ಕ್ಲರ್ಕು. ನೌಕಾಪಡೆಯ ಬಿಳಿ ಯೂನಿಫಾರ್ಮಿನವನೊಬ್ಬ ಕೌಂಟರಿನಲ್ಲಿ ಸ್ಲಿಪ್ ಕೊಟ್ಟ. ದಿನಕರ ಅನ್ನುವ ಸಹಿಯ ಬಾಲ ಸುತ್ತಿ ಸುತ್ತಿ ಕಾಗದದ ಅಂಚಿಗೆ ಹೋಗಿ ನಿಂತಿತ್ತು.

ಸಹಿ ಹೊಂದುತ್ತಿಲ್ಲವೆಂದು ತೆಲುಗಿನಲ್ಲಿ ಹೇಳಿ, ಕನ್ನಡದಲ್ಲಿ ಗೊಣಗಿದೆ: "ಏನು ಬಾಲಂಗೋಚಿಯೋ, ಗಾಳಿಪಟಕ್ಕೂ ಇಷ್ಟುದ್ದ ಇರಲ್ಲ!"

"ಕಟ್ ಮಾಡ್ತೀನ್ರಿ, ಸಿಟ್ಟಾಗಬ್ಯಾಡ್ರಿ," ಅಂದ ಅವನು, ಅಪ್ಪಟ ಧಾರವಾಡದ ಕನ್ನಡದಲ್ಲಿ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಮಾತ್ರ ನಗುತ್ತಿದ್ದ.

ನೌಕಾಪಡೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಆಮೇಲೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವ ನೆಪದಲ್ಲಿ ಬರತೊಡಗಿದ, ಹಾಕಲು ಎಂಟ್ರಿಯೇ ಇಲ್ಲದಿದ್ದರೂ. ನಾನೂ ಇಲ್ಲದ ಎಂಟ್ರಿಯನ್ನು ನಿಧಾನವಾಗಿ ಹುಡುಕುತ್ತಿದ್ದೆ.

ಆಫೀಸರ್ ಪ್ರಮೋಷನ್ ಪರೀಕ್ಷೆಗೆ ಇಂಗ್ಲಿಷ್ ಓದುತ್ತಿದ್ದ ದಿನಗಳು. ಒಮ್ಮೆ ಅವನಿಗೆ ಹೇಳಿದೆ: "ನಿಮ್ಮ ಬಾಲಕ್ಕೆ ಇಂಗ್ಲಿಷಿನಲ್ಲಿ ಫ್ಲರಿಷ್ ಅಂತಾರಂತೆ. ಚೆನ್ನಾಗಿ ಬೆಳೆದು ನಳನಳಿಸೋದಕ್ಕೂ ಅದೇ ಪದ. ಹುಟ್ಟಿದ್ದು ಲ್ಯಾಟಿನ್ ಭಾಷೆಯಲ್ಲಿ ಹೂವು ಅನ್ನೋ ಪದದಿಂದ."

"ನಮ್ಮ ಬ್ಯಾಂಡಿನ್ಯಾಗೂ ಐತ್ರಿ. ದೊಡ್ಡವರು ಬರೂವಾಗ ನಾಕು ಸ್ವರ ಜೋರ್ ಊದ್ತೀವಿ. ಅದೂ ಫ್ಲರಿಷ್."

"ಹೊರಡುವಾಗ?"

"ಇಲ್ರಿ. ಅದು ಬರೋರಿಗಷ್ಟ."

"ಹೂವು, ಬಾಲ, ತುತ್ತೂರಿ! ಒಂದು ಪದಕ್ಕೆ ಎಷ್ಟು ಜಂಬ ನೋಡಿ."

"ಹೂ ಅರಳಿದ್ರ ಮುಚ್ಚಿಡಾಕ ಆಗ್ತೈತೇನ್ರಿ?" ಎಂದು ನನ್ನನ್ನೇ ನೋಡಿದ. ತಕ್ಷಣ ಕಿವಿ ಕೆಂಪಾಗಿ, ಪಾಸ್‌ಬುಕ್ಕಿನೊಳಗೆ ಮುಖ ಹುದುಗಿಸಿದ. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಪರೀಕ್ಷೆ ಪಾಸಾಯಿತು. ಪೋಸ್ಟಿಂಗ್ ವಿಜಯವಾಡಕ್ಕೆ! ವರ್ಗಾವಣೆಗೆ ಹೆದರಿ ಪ್ರಮೋಷನ್ನೇ ಬೇಡವೆಂದ ಹೆಂಗಸರು ನಮ್ಮ ಬ್ರಾಂಚಿನಲ್ಲಿ ಎಷ್ಟೋ ಜನ. ಅವನು ಒಂದು ಮಾತು ಹೇಳಿದ್ದರೆ ನಾನೂ ಆ ಸಾಲಿಗೆ ಸೇರುತ್ತಿದ್ದೆ.

ಸಂಜೆ ಬೀಚಿನ ಕಟ್ಟೆಯ ಮೇಲೆ ಕೂತು ಅವನ ಮುಖವನ್ನೇ ನೋಡುತ್ತ ಅಂದೆ: "ಬೇಡ ಅಂತ ಬರೆದುಕೊಟ್ಟರೆ ಇಲ್ಲೇ ಇರಬಹುದು."

ಅವನು ಸಮುದ್ರದ ಕಡೆ ಮುಖ ತಿರುಗಿಸಿದ. "ಹೋಗ್ರಿ ಮೃಣಾಲಿನಿಯವರ. ಕಷ್ಟಪಟ್ಟು ಓದೀರಿ."

"ಸ್ಟೇಷನ್ನಿಗಾದರೂ ಬರ್ತೀರಾ?"

"ಕಳಸಾಕ ಬರೂದಿಲ್ರಿ."

ಇನ್ನೇನು ಉಳಿಯಿತು? ಹೊರಡುವ ದಿನ ಬ್ಯಾಂಕಿನವರೆಲ್ಲ ಬಂದಿದ್ದರು. ಹೆಡ್ ಕ್ಯಾಷಿಯರ್ ಕೋಟೇಶ್ವರಮ್ಮನವರು ಮಲ್ಲಿಗೆ ಮುಡಿಸಿ ಕಣ್ಣೊರೆಸಿಕೊಂಡರು. ರೈಲು ಗೋದಾವರಿ ಸೇತುವೆ ದಾಟುವವರೆಗೂ ನಾನು ಅತ್ತೆ, ಆಮೇಲೆ ಅವನನ್ನು ಬಾಯಿಗೆ ಬಂದಂತೆ ಬೈದುಕೊಂಡೆ.

ಸಂಜೆ ವಿಜಯವಾಡದಲ್ಲಿ ಟ್ರಂಕು ಇಳಿಸುತ್ತಿದ್ದಾಗ ಬೆನ್ನ ಹಿಂದೆ ಸದ್ದಾಯಿತು.

"ಪ್ಪ ಪ್ಪ ಪ್ಪಾಂ!"

ತಿರುಗಿದೆ. ದಿನಕರ! ಸುಕ್ಕುಗಟ್ಟಿದ ಶರ್ಟು, ಬಾಯಿಗೆ ಅಡ್ಡ ಹಿಡಿದ ಮುಷ್ಟಿ.

"ಟ್ರಂಪೆಟ್ ಸರ್ಕಾರದ್ದು, ತರಾಕ ಬಿಡಲಿಲ್ರಿ," ಅಂದ. "ರಜಾ ಹಾಕಿ ಮುಂಚಿನ ಗಾಡಿಗೇ ಬಂದೆ."

"ಅಲ್ಲೇ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರ ನಿಂತಬಿಡ್ತಿದ್ರಿ. ನನ್ನ ಸಲುವಾಗಿ ನೀವು ಬಾಡಬಾರದಲ್ರಿ." ಉಸಿರೆಳೆದುಕೊಂಡ. "ಇಲ್ಲಿ ಹೇಳ್ತೀನಿ. ನೀವಂದ್ರ ನನಗ ಭಾಳ ಪ್ರೀತಿರಿ. ನಿಮಗ ತಿರುಗಿ ವಿಶಾಖಪಟ್ಟಣಕ್ಕ ವರ್ಗಾ ಸಿಗೂತನಕ ರಜಾ ಸಿಕ್ಕಾಗೆಲ್ಲ ನಾನ ಬರ್ತೀನಿ. ಮದುವಿ ಆಗ್ತೀರೇನು?"

ಬೈಯಬೇಕೆಂದು ಕೂಡಿಟ್ಟದ್ದೆಲ್ಲ ಮರೆತುಹೋಗಿತ್ತು. ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ.

"ಆಗ್ತೀನಿ," ಅಂದೆ. "ಇನ್ನೊಂದು ಸಲ ಊದು."

ಅವನು ಊದಿದ, ಮೊದಲಿಗಿಂತ ಜೋರಾಗಿ. ಪ್ಲಾಟ್‌ಫಾರಮ್ಮಿನ ಜನವೆಲ್ಲ ತಿರುಗಿ ನೋಡಿದರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.