ಮೂಲೆ ಕೋಣೆಯ ತಲೆಕೆಳಗಾದ ಕುರ್ಚಿ

ಹಡಗಿನಕ್ಕ ತಮ್ಮ ಪೆಟ್ಟಿಗೆಯನ್ನು ಹೋಟೆಲಿನ ಕೌಂಟರಿನ ಮುಂದೆ ನಟ್ಟನಡುವೆ ಇಟ್ಟು, ಅದರ ಮೇಲೆ ಕೂತೇಬಿಟ್ಟರು.

"ನಾನು ಏಳೋದಿಲ್ಲ," ಎಂದರು. "ಕೋಣೆ ಕೊಡಿ, ಇಲ್ಲಾ ಪರಿಹಾರ ಕೊಡಿ. ಎರಡೂ ಆಗದಿದ್ರೆ ಪೆಟ್ಟಿಗೆ ಸಮೇತ ನನ್ನನ್ನ ಎತ್ತಿ ಆಚೆ ಇಡಿ."

ಕೌಂಟರಿನ ಹಿಂದಿದ್ದ ಗುಮಾಸ್ತನಿಗೆ ಮೊದಲಿನ ಎರಡನ್ನು ಮಾಡುವ ಅಧಿಕಾರವಿರಲಿಲ್ಲ, ಮೂರನೆಯದನ್ನು ಮಾಡುವ ಶಕ್ತಿಯಿರಲಿಲ್ಲ. ಅವನನ್ನು ಹೋಟೆಲಿನಲ್ಲಿ ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಗಡಿಯಾರ ನೋಡುವ ಮೊದಲೇ ತಡವಾಯಿತು ಎಂದು ಓಡುವ ಜಾತಿ ಅವನದು. ಅವನು ಕೈಕೈ ಹಿಸುಕಿಕೊಳ್ಳುತ್ತಾ ಮ್ಯಾನೇಜರರ ಮುಖ ನೋಡಿದ. ಮ್ಯಾನೇಜರ್ ಟೈ ಸರಿಮಾಡಿಕೊಂಡು, ಅಕ್ಕ ಕಾಯ್ದಿರಿಸಿದ್ದ ಮೂಲೆ ಕೋಣೆಯಲ್ಲಿ ನೀರು ನಿಂತಿದೆ, ಬೆಳಿಗ್ಗೆ ಖಾಲಿ ಮಾಡಿದ ಅತಿಥಿ ನಲ್ಲಿ ಬಿಟ್ಟು ಹೋಗಿದ್ದಾನೆ, ಇದು ಆಕಸ್ಮಿಕ, ಆದ್ದರಿಂದ ಮುಂಗಡ ವಾಪಸ್ಸು ಮತ್ತು ಒಂದು ಚಹಾ, ಇಷ್ಟೇ ತಾವು ಕೊಡಬಹುದಾದದ್ದು ಎಂದರು. ಬೇರೆ ಕೋಣೆಗಳೆಲ್ಲ ಅಂಗಿ ಗುಂಡಿ ವ್ಯಾಪಾರಿಗಳ ಸಮ್ಮೇಳನಕ್ಕೆ ಬಂದವರಿಂದ ತುಂಬಿಹೋಗಿದ್ದವು. ಬೇಕಿದ್ದರೆ ನಿಲ್ದಾಣದ ಹಿಂದಿನ ವಸತಿಗೃಹದಲ್ಲಿ ಜಾಗ ಹುಡುಕಿಕೊಡುವುದಾಗಿ ಹೇಳಿದರು.

"ಆ ವಸತಿಗೃಹದ ಕಿಟಕಿ ಗೋಡೆಗೆ ತೆರೀತದೆ," ಎಂದರು ಹಡಗಿನಕ್ಕ. "ನಾನು ಗೋಡೆಗೆ ಕೈ ಬೀಸ್ಲಾ?"

ಅಲ್ಲೇ ಇದ್ದದ್ದು ಸಂಗತಿ. ಅವರ ಗಂಡ ಸರಕು ಹಡಗಿನ ಅಡುಗೆಯವರು. ಆ ಹಡಗು ಈ ಬಂದರಿನಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಕಾಲುವೆಯ ತಿರುವಿನಲ್ಲಿ ನಿಧಾನವಾಗಿ ಹಾದುಹೋಗುತ್ತದೆ. ಮದುವೆಯಾದ ವರ್ಷದಿಂದಲೂ ಅಕ್ಕ ಅದೇ ದಿನಕ್ಕೆ ಮೂಲೆ ಕೋಣೆ ಕಾಯ್ದಿರಿಸಿ, ಬಾಲ್ಕನಿಯಿಂದ ಅರ್ಧ ಮೈ ಹೊರಗೆ ಚಾಚಿ ಹಳದಿ ಶಾಲು ಬೀಸುತ್ತಿದ್ದರು. ಹಡಗಿನ ಹಿಂಭಾಗದಿಂದ ಒಂದು ಬಿಳಿ ಏಪ್ರನ್ ಉತ್ತರ ಕೊಡುತ್ತಿತ್ತು. ಇವತ್ತಿನದು ಗಂಡ ನಿವೃತ್ತಿಯಾಗುವ ಮುಂಚಿನ ಕೊನೆಯ ಯಾನ. ಹೊತ್ತು ಮುಳುಗುವ ಮೊದಲು ಹಡಗು ಬರಬೇಕು. ಬಾಲ್ಕನಿಯಲ್ಲಿ ಶಾಲು ಕಾಣದಿದ್ದರೆ ಆ ಮನುಷ್ಯ ಏನೆಂದುಕೊಂಡಾನು ಎಂಬುದೇ ಗಡಿಬಿಡಿಯ ಚಿಂತೆ. ಆ ಕೋಣೆಯನ್ನು ಅಕ್ಕನಿಗೆ ಕಾಯ್ದಿರಿಸಿಕೊಟ್ಟವನು ಅವನೇ. ಕೊಟ್ಟ ಮಾತು ಅವನದೇ.

ಅವನಿಗೆ ಕಷ್ಟ ಬಂದಾಗ ಓಡುವ ಜಾಗ ಒಂದೇ: ಮೊದಲ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಕೋಣೆ. ಅಲ್ಲಿ ವಿಮೆ ಅತ್ತೆ ಇದ್ದರು. ಜೀವಮಾನವಿಡೀ ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳುವಾದ ಒಡವೆಗಳ ಸತ್ಯಾಸತ್ಯ ಹುಡುಕಿ, ನಿವೃತ್ತಿಯಾದ ಮೇಲೆ ಅಡುಗೆ ಮಾಡಲು ಬೇಸರವೆಂದು ಈ ಹೋಟೆಲಿನಲ್ಲೇ ಕಾಯಂ ಆಗಿ ನೆಲೆಸಿದವರು. ಕಳುವಾದ ಚಮಚದಿಂದ ಹಿಡಿದು ಓಡಿಹೋದ ಮದುಮಗನವರೆಗೆ ಹೋಟೆಲಿನ ಎಲ್ಲ ಒಗಟೂ ಅವರ ಬಾಗಿಲಿಗೇ ಬರುತ್ತಿತ್ತು.

"ಆಕಸ್ಮಿಕ ಅಂತ ಯಾರು ಹೇಳಿದ್ದು?" ಎಂದರು ಅತ್ತೆ, ಚಪ್ಪಲಿ ಹುಡುಕುತ್ತಾ.

"ಮ್ಯಾನೇಜರ್."

"ಆಕಸ್ಮಿಕ ಆದ್ರೆ ಅವನ ಜೇಬು ಉಳೀತದೆ. ಹೋಟೆಲಿನವರದೇ ಕೈವಾಡ ಆದ್ರೆ ಕೋಣೆ ಕೊಡದ್ದಕ್ಕೆ ಅವನು ಪೂರ್ತಿ ಪರಿಹಾರ ತೆರಬೇಕಾಗ್ತದೆ. ಜೇಬು ಉಳಿಯೋ ಕಡೆಯಿಂದ ಬಂದ ಮಾತನ್ನ ಒಂದ್ಸಲ ತಿರುವಿ ನೋಡ್ಬೇಕಪ್ಪಾ. ನಡಿ."

ಮೂಲೆ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಅದರ ಮೇಲೆ ತಾರಸಿ. ತಾರಸಿಯಲ್ಲಿ ಮ್ಯಾನೇಜರರ ತಾಯಿ ಹಿರಿಯಮ್ಮನ ಮನೆ. ಮೆಟ್ಟಿಲು ಹತ್ತುತ್ತಾ ಗಡಿಬಿಡಿ ನಡೆದದ್ದನ್ನೆಲ್ಲ ಒಪ್ಪಿಸಿದ. ಅಕ್ಕ ಬರುವ ಮೊದಲು ಕೋಣೆ ನೋಡಿಬರೋಣವೆಂದು ತಾನೇ ಹೋಗಿದ್ದನಂತೆ. ಬಾಗಿಲ ಮುಂದೆ ಯಾರೋ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ ಇಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದರೆ ನೀರು ಪಾದ ತೋಯಿಸಿತು. ಸ್ನಾನದ ಮನೆಯ ನಲ್ಲಿ ಸುರಿಯುತ್ತಿತ್ತು, ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿತ್ತು. ಅವನು ನಲ್ಲಿ ನಿಲ್ಲಿಸಿ ಮ್ಯಾನೇಜರರನ್ನು ಕರೆಯಲು ಓಡಿದ್ದ.

"ಕುರ್ಚಿ ತಲೆಕೆಳಗಾಗಿತ್ತಾ?" ಎಂದು ಅತ್ತೆ ನಿಂತರು.

"ಹೌದತ್ತೆ. ಯಾರೋ ತಮಾಷೆಗೆ ಇಟ್ಟಿರ್ಬೇಕು."

ಅತ್ತೆ ಸೀರೆ ಎತ್ತಿ ಹಿಡಿದು ನೀರಿಗಿಳಿದರು. ಕೋಣೆ ಕೆರೆಯಾಗಿತ್ತು ನಿಜ, ಆದರೆ ವಿಚಿತ್ರ ಕೆರೆ. ನೆಲದ ಜಮಖಾನೆಯನ್ನು ಅಚ್ಚುಕಟ್ಟಾಗಿ ಸುತ್ತಿ ಮಂಚದ ಮೇಲೆ ಇಡಲಾಗಿತ್ತು. ಕಪಾಟಿನ ತಳದ ಡ್ರಾಯರನ್ನು ಎಳೆದು ಅದನ್ನೂ ಮಂಚದ ಮೇಲೇರಿಸಲಾಗಿತ್ತು. ಒಂದು ದಿಂಬೂ ತೊಯ್ದಿರಲಿಲ್ಲ. ಅತ್ತೆ ಬಾಲ್ಕನಿಯ ಗಾಜಿನ ಬಾಗಿಲನ್ನು ತಳ್ಳಿದರು, ಬೀಗ ಹಾಕಿತ್ತು. ಸದಾ ಬೀಗದಲ್ಲೇ ಇರುತ್ತಿದ್ದ ಕೀಲಿ ಕಾಣಲಿಲ್ಲ. ಗಾಜಿನಾಚೆ ಹೊಸದಾಗಿ ಬಣ್ಣ ಬಳಿದ ಕಟಕಟೆ ಫಳಫಳ ಹೊಳೆಯುತ್ತಿತ್ತು. ಮೊದಲು ಕಟಕಟೆಗೆ ಕಟ್ಟಿರುತ್ತಿದ್ದ ಬಟ್ಟೆ ಒಣಗಿಸುವ ಹಗ್ಗವನ್ನು ಈಗ ಕಿಟಕಿಯ ಸರಳಿಗೆ ಬಿಗಿದಿದ್ದರು.

ಅಷ್ಟರಲ್ಲಿ ಪಕ್ಕದ ಕೋಣೆಯ ಗುಂಡಿ ವ್ಯಾಪಾರಿ ಪ್ಯಾಂಟು ಮಡಚಿಕೊಂಡು ಬಂದ. ಗಿರಾಕಿಗಳಿಗೆ ಮಾಲು ತೋರಿಸಲು ಬೆಳಕು ಚೆನ್ನಾಗಿದೆಯೆಂದು ಈ ಮೂಲೆ ಕೋಣೆಗಾಗಿ ಅವನು ನಿನ್ನೆಯಿಂದ ಗಡಿಬಿಡಿಯ ಜೀವ ತಿಂದಿದ್ದ. ಈಗ ನೀರು ಬಾಗಿಲ ಸಂದಿಯಿಂದ ನುಗ್ಗಿ ಅವನ ಪೆಟ್ಟಿಗೆಗಳನ್ನೇ ತೋಯಿಸಿತ್ತು. ಕೋಟಿನ ಗುಂಡಿ, ಅಂಗಿಯ ಗುಂಡಿ, ಮಕ್ಕಳ ಜುಬ್ಬದ ಗುಂಡಿ ಎಲ್ಲ ಕಲಸುಮೇಲೋಗರವಾಗಿವೆ ಎಂದು ಅವನು ಗೋಳಾಡಿದ. ಅತ್ತೆ ಅವನಿಗೆ ಸಮಾಧಾನ ಹೇಳಿ, ಕೋಣೆ ಜೋಡಿಸುವ ಹೆಂಗಸನ್ನು ಕರೆಸಿದರು.

ಅವಳು ಕಣ್ಣೀರು ಹಾಕುತ್ತಲೇ ಬಂದಳು. ಆ ಅತಿಥಿ ಹೋದ ಮೇಲೆ ತಾನೇ ಕೋಣೆ ಜೋಡಿಸಿದ್ದೆ, ಆಗ ನೆಲ ಒಣಗಿತ್ತು, ನಲ್ಲಿ ಮುಚ್ಚಿತ್ತು ಎಂದಳು. ಒದ್ದೆ ನೆಲವಿದ್ದರೆ ಬಾಗಿಲ ಮುಂದೆ ಏನಿಡುತ್ತೀ ಎಂದು ಅತ್ತೆ ಕೇಳಿದರು. ಹಳದಿ ಫಲಕ, ಜಾರುತ್ತದೆ ಅಂತ ಬರೆದದ್ದು, ಕುರ್ಚಿ ಯಾಕಿಡಲಿ ಎಂದಳು. ಹಗ್ಗ ಬಿಚ್ಚಿದ್ದು ಯಾಕೆ ಎಂದು ಕೇಳಿದಾಗ, ಹಿರಿಯಮ್ಮ ಹಾಗೆ ಕಟ್ಟು ಅಂದರು, ಕಟ್ಟಿದೆ ಎಂದಳು.

ಅತ್ತೆಯ ಮುಖ ಅರಳಿತು. ಆ ಅರಳುವಿಕೆಯನ್ನು ಗಡಿಬಿಡಿ ಚೆನ್ನಾಗಿ ಬಲ್ಲ. ಅವರಿಗೆಲ್ಲ ತಿಳಿದುಹೋಗಿತ್ತು. ಅವನಿಗೆ ಮಾತ್ರ ಎಳ್ಳಷ್ಟೂ ತಿಳಿದಿರಲಿಲ್ಲ, ಎಂದಿನಂತೆ.

"ಕೌಂಟರಿನ ಹಿಂದೆ ಒಂದು ಹಳೇ ಫೋಟೋ ಇದೆಯಲ್ಲಾ, ಅದನ್ನ ತಗೊಂಡ್ಬಾ," ಎಂದರು. "ಹಾಗೇ ಎಲ್ಲರನ್ನೂ ಇಲ್ಲಿಗೆ ಕರಿ. ಹಿರಿಯಮ್ಮನ್ನ ಕೈ ಹಿಡಿದು ಕರ್ಕೊಂಡ್ಬಾ. ಒಂದು ಪೊರಕೆನೂ ಇರಲಿ."

ಎಲ್ಲರೂ ನೀರಿನಲ್ಲಿ ಬರಿಗಾಲಲ್ಲಿ ನೆರೆದರು. ಮ್ಯಾನೇಜರ್ ಟೈ ಕಟ್ಟಿಕೊಂಡೇ ಪ್ಯಾಂಟು ಮೊಣಕಾಲಿಗೆ ಏರಿಸಿದ್ದು ನೋಡಿ ಗುಂಡಿ ವ್ಯಾಪಾರಿ ನಗು ತಡೆಯಲು ಕೆಮ್ಮಿದ. ಹಿರಿಯಮ್ಮ ಮಂಚದ ತುದಿಯಲ್ಲಿ, ಸುತ್ತಿಟ್ಟ ಜಮಖಾನೆಯ ಪಕ್ಕ, ಹೆಣಿಗೆ ಹಿಡಿದು ಕೂತರು. ಹಡಗಿನಕ್ಕ ಬಾಗಿಲಲ್ಲೇ ನಿಂತರು, ಶಾಲು ಹೆಗಲ ಮೇಲೆ.

"ಮೊದಲಿನ ಅತಿಥಿ ನಲ್ಲಿ ಬಿಟ್ಟು ಹೋಗಿಲ್ಲ," ಎಂದು ಅತ್ತೆ ಶುರುಮಾಡಿದರು. "ಅವನು ಹೋದ್ಮೇಲೂ ಕೋಣೆ ಒಣಗಿತ್ತು. ಇದು ಬೇಕಂತ್ಲೇ ಮಾಡಿದ್ದು."

ಮ್ಯಾನೇಜರರ ದೃಷ್ಟಿ ತಟ್ಟನೆ ಗುಂಡಿ ವ್ಯಾಪಾರಿಯ ಕಡೆ ಹೋಯಿತು. ಅತ್ತೆ ತಲೆಯಾಡಿಸಿದರು. ತನಗೇ ಬೇಕಾದ ಕೋಣೆಯನ್ನು ಯಾರೂ ಕೆರೆ ಮಾಡುವುದಿಲ್ಲ, ತನ್ನ ಮಾಲನ್ನೇ ಅದರಲ್ಲಿ ಅದ್ದುವುದಂತೂ ಇಲ್ಲವೇ ಇಲ್ಲ ಎಂದರು. ಮ್ಯಾನೇಜರರಿಗೆ ಇದರಿಂದ ತಲೆನೋವೇ ಹೊರತು ಲಾಭವಿಲ್ಲ. ಕೋಣೆ ಜೋಡಿಸುವವಳಾಗಿದ್ದರೆ ಅಭ್ಯಾಸಬಲದಿಂದ ಹಳದಿ ಫಲಕ ಇಡುತ್ತಿದ್ದಳು.

"ನೀರು ಬಿಟ್ಟವರು ಮೊದಲು ಜಮಖಾನೆ ಎತ್ತಿಟ್ಟಿದ್ದಾರೆ, ಡ್ರಾಯರ್ ಎತ್ತಿಟ್ಟಿದ್ದಾರೆ. ಈ ಹೋಟೆಲಿನ ಒಂದೊಂದು ಚೂರನ್ನೂ ತಮ್ಮದು ಅಂತ ನೋಡೋರು. ಮತ್ತೆ ಯಾರೂ ಜಾರಿ ಬೀಳಬಾರದು ಅಂತ ಬಾಗಿಲಲ್ಲಿ ಗುರುತು ಇಟ್ಟಿದ್ದಾರೆ. ಗಡಿಬಿಡಿ, ಆ ಫೋಟೋದಲ್ಲಿ ಏನಿದೆ ನೋಡು."

ಗಡಿಬಿಡಿ ಆ ಫೋಟೋವನ್ನು ದಿನವೂ ಒರೆಸುತ್ತಿದ್ದ. ಹೋಟೆಲು ಹೊಸದಾಗಿ ತೆರೆದಾಗಿನದು. ಉದ್ದನೆಯ ಪಡಸಾಲೆ, ಬಕೆಟ್ಟು ಹಿಡಿದು ನಗುತ್ತಿರುವ ಯುವತಿ, ಅವಳ ಹಿಂದಿನ ಬಾಗಿಲ ಮುಂದೆ ಕಾಲು ಮೇಲಾಗಿ ನಿಂತ ಒಂದು ಕುರ್ಚಿ. ಫೋಟೋ ತೆಗೆದವನು ಕುರ್ಚಿ ಸರಿಮಾಡಲು ಮರೆತನೆಂದು ಅವನು ಇಷ್ಟು ಕಾಲ ನಂಬಿದ್ದ.

"ಹಳದಿ ಫಲಕ ಬರೋಕೆ ಮುಂಚೆ ಒದ್ದೆ ನೆಲಕ್ಕೆ ಇಲ್ಲಿ ಇದೇ ಗುರುತು," ಎಂದರು ಅತ್ತೆ. "ಆಗಿನ ಕಾಲದಿಂದ ಈ ಕಟ್ಟಡದಲ್ಲಿ ಉಳಿದಿರೋರು ಒಬ್ಬರೇ. ಆ ಯುವತಿ."

ಹಿರಿಯಮ್ಮನ ಹೆಣಿಗೆ ಕಡ್ಡಿ ನಿಂತಿತು. ಮ್ಯಾನೇಜರ್ ಕಕ್ಕಾಬಿಕ್ಕಿಯಾಗಿ ತಾಯಿಯನ್ನು ನೋಡಿದರು.

"ಯಾಕೆ ಅನ್ನೋದು ಕೊನೇ ಪ್ರಶ್ನೆ," ಎಂದು ಅತ್ತೆ ಮೆಲ್ಲಗೆ ಮುಂದುವರಿಸಿದರು. "ಕೋಣೆ ಹಾಳಾಗಬಾರದು, ಆದ್ರೆ ಇವತ್ತು ಯಾರೂ ಒಳಗೆ ಬರಬಾರದು. ಅದರಲ್ಲೂ ಬಾಲ್ಕನಿಗೆ ಹೋಗಬಾರದು. ಅದಕ್ಕೇ ಕೀಲಿ ತೆಗೆದಿದ್ದು. ಒದ್ದೆ ಬಟ್ಟೆಯ ಭಾರ ಕೂಡ ಕಟಕಟೆ ಮೇಲೆ ಬೀಳಬಾರದು ಅಂತ ಹಗ್ಗ ಬಿಚ್ಚಿಸಿದ್ದು. ಅಮ್ಮಾ, ಆ ಕೀಲಿ ಕೊಡ್ತೀರಾ?"

ಹಿರಿಯಮ್ಮ ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಿಕೊಟ್ಟರು. ಅತ್ತೆ ಬಾಗಿಲು ತೆರೆದು, ಎಲ್ಲರನ್ನೂ ಒಳಗೇ ನಿಲ್ಲಿಸಿ, ಪೊರಕೆಯ ಹಿಡಿಯಿಂದ ಕಟಕಟೆಯನ್ನು ಒಂದು ಸಲ ತಳ್ಳುವಂತೆ ಗಡಿಬಿಡಿಗೆ ಹೇಳಿದರು. ಅವನು ಮೆತ್ತಗೇ ತಳ್ಳಿದ. ಹೊಸ ಬಣ್ಣದ ಕಟಕಟೆ ತೆರೆದ ಗೇಟಿನ ಹಾಗೆ ಹೊರಕ್ಕೆ ವಾಲಿತು. ತುಕ್ಕು ಹಿಡಿದ ಒಂದು ಬೋಲ್ಟು ಕಳಚಿ, ಕೆಳಗಿನ ಅಂಗಳದ ಕಲ್ಲಿಗೆ ಬಡಿದ ಸದ್ದು ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿತು.

ಅರ್ಧ ಮೈ ಹೊರಚಾಚಿ ಶಾಲು ಬೀಸುವ ಅಕ್ಕ ಗಡಿಬಿಡಿಯ ಕಣ್ಣ ಮುಂದೆ ಬಂದರು. ಅವನು ಪೊರಕೆಯನ್ನು ಹಿಂದಕ್ಕೆಳೆದುಕೊಂಡು ಬಾಗಿಲು ಮುಚ್ಚಿದ.

"ಮೂರು ಸಲ ಹೇಳಿದೆ ಇವನಿಗೆ," ಎಂದರು ಹಿರಿಯಮ್ಮ. "ಸಮ್ಮೇಳನ ಮುಗೀಲಿ ಅಂದ. ಬಣ್ಣ ಹೊಡೆಸಿದ. ನಾನೇ ಕಟ್ಟಿದ ಹೋಟೆಲಿನ ಕಟಕಟೆ ಮುರಿದಿದೆ ಅಂತ ಅತಿಥಿಗೆ ನನ್ನ ಬಾಯಿಂದ ಹೇಗೆ ಹೇಳ್ಲಿ? ಹೇಳಿದ್ರೂ ಇವಳು ಕೇಳೋಳಾ? ಹಡಗು ಕಂಡ್ರೆ ಇವಳಿಗೆ ಮೈಮೇಲೆ ಪ್ರಜ್ಞೆ ಇರೋಲ್ಲ. ಕೋಣೆ ಇಲ್ಲ ಅಂತಾದ್ಮೇಲೆ ನನ್ನ ತಾರಸಿಗೆ ಕರೆಯೋಣ ಅಂತಿದ್ದೆ. ಅಷ್ಟರಲ್ಲಿ ಇವಳು ಪೆಟ್ಟಿಗೆ ಮೇಲೆ ಕೂತು ಜಗಳ ಶುರುಮಾಡಿದ್ಲು, ನನ್ನ ಬಾಯಿ ಕಟ್ಟಿಹೋಯ್ತು."

ಹಡಗಿನಕ್ಕ ನೀರನ್ನು ಚಪಚಪ ತುಳಿಯುತ್ತಾ ಬಂದು ಮುದುಕಿಯನ್ನು ಬಾಚಿ ತಬ್ಬಿಕೊಂಡರು. ಹೆಣಿಗೆಯ ಉಂಡೆ ನೀರಿಗೆ ಬಿದ್ದು ತೇಲಿಹೋಯಿತು. ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ಮ್ಯಾನೇಜರರ ಬರಿಗಾಲು ನೋಡಿ ನಕ್ಕರು.

ಮ್ಯಾನೇಜರ್ ಮಾತ್ರ ನಗಲಿಲ್ಲ. ಮುಖ ಸುಣ್ಣವಾಗಿತ್ತು. "ತಪ್ಪು ನಂದು," ಎಂದರು ಅವರು, ಟೈ ಬಿಚ್ಚುತ್ತಾ. "ಪರಿಹಾರ ಏನು ಕೇಳಿದ್ರೂ ಕೊಡ್ತೀನಿ ಅಕ್ಕಾ."

"ಅದನ್ನ ಆಮೇಲೆ ಹೇಳ್ತೀನಿ," ಎಂದರು ಅಕ್ಕ. "ಈಗ ತಾರಸಿ ಎಲ್ಲಿ?"

ತಾರಸಿಗೆ ಎದೆಮಟ್ಟದ ಕಲ್ಲಿನ ಗೋಡೆಯಿತ್ತು. ಆನೆ ಒರಗಿದರೂ ಅಲ್ಲಾಡದು. ಅಲ್ಲಿಂದ ಕಾಲುವೆಯ ತಿರುವು ಬಾಲ್ಕನಿಗಿಂತ ಚೆನ್ನಾಗಿ ಕಾಣುತ್ತಿತ್ತು. ಒಂದೇ ಚಿಂತೆ: ಅಕ್ಕನ ಗಂಡ ನೋಡುವುದು ಮೂಲೆ ಬಾಲ್ಕನಿಯನ್ನು, ಇಷ್ಟು ಮೇಲೆ ಅವರ ಕಣ್ಣು ಬಿದ್ದೀತೇ? ಈ ಸಲ ಗಡಿಬಿಡಿಯ ಗಡಿಬಿಡಿ ಉಪಯೋಗಕ್ಕೆ ಬಂತು. ಅವನು ಒಗೆದ ಚಾದರಗಳ ಬುಟ್ಟಿಗಳನ್ನೆಲ್ಲ ಮೇಲಕ್ಕೆ ಹೊರಿಸಿದ, ಕೋಣೆ ಕೋಣೆಯ ಬಾಗಿಲು ತಟ್ಟಿ ಇಡೀ ಗುಂಡಿ ಸಮ್ಮೇಳನವನ್ನೇ ಎಬ್ಬಿಸಿ ತಂದ. ಹಡಗಿನ ಮೂತಿ ತಿರುವಿನಲ್ಲಿ ಕಾಣಿಸಿದಾಗ ತಾರಸಿಯ ಉದ್ದಕ್ಕೂ ಜನ ಚಾದರ, ದಿಂಬಿನ ಚೀಲ, ಮೇಜಿನ ಬಟ್ಟೆ ಹಿಡಿದು ನಿಂತಿದ್ದರು. ನಡುವೆ ಒಂದೇ ಒಂದು ಹಳದಿ ಶಾಲು.

ಹಡಗು ಸಮೀಪಿಸಿತು. ಹಿಂಭಾಗದಲ್ಲಿ ಬಿಳಿ ಏಪ್ರನ್ ಹಿಡಿದ ಪುಟ್ಟ ಆಕೃತಿಯೊಂದು ಮೂಲೆ ಬಾಲ್ಕನಿಯ ಕಡೆಗೇ ನೋಡುತ್ತಾ ಅಲುಗಾಡದೆ ನಿಂತಿತ್ತು. ಅಕ್ಕ ಶಾಲನ್ನು ಇನ್ನಷ್ಟು ಮೇಲೆತ್ತಿ ಹಿಡಿದರು.

"ಬೀಸಿ," ಎಂದರು ವಿಮೆ ಅತ್ತೆ.

ಇಡೀ ತಾರಸಿ ಒಮ್ಮೆಲೇ ಬೀಸಿತು. ಪುಟ್ಟ ಆಕೃತಿ ತಲೆಯೆತ್ತಿತು, ಒಂದು ಕ್ಷಣ ತಬ್ಬಿಬ್ಬಾಯಿತು, ಆಮೇಲೆ ಏಪ್ರನ್ನನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸತೊಡಗಿತು. ಹಡಗಿನ ಅಂಚಿಗೆ ಒಬ್ಬೊಬ್ಬರಾಗಿ ನಾವಿಕರು ಬಂದು ಟೋಪಿ, ಟವೆಲು, ಸಿಕ್ಕಿದ್ದನ್ನೆಲ್ಲ ಬೀಸಿದರು. ಕೊನೆಗೆ ಹಡಗೇ ದೀರ್ಘವಾಗಿ ಕೂಗಿತು. ಕಾಲು ನೋವೆಂದು ಸದಾ ಕೂತೇ ಇರುತ್ತಿದ್ದ ಹಿರಿಯಮ್ಮ ಎದ್ದು ನಿಂತು ದಿಂಬಿನ ಚೀಲ ಬೀಸುತ್ತಿದ್ದರು. ಮ್ಯಾನೇಜರ್ ಟೈ ಬೀಸುತ್ತಿದ್ದರು. ಗುಂಡಿ ವ್ಯಾಪಾರಿ ಯಾವುದೂ ಸಿಗದೆ ಕೋಟನ್ನೇ ಬಿಚ್ಚಿ ಬೀಸಿ, ಅದರ ಗುಂಡಿಗಳನ್ನೆಲ್ಲ ಉದುರಿಸಿಕೊಂಡ.

ಹಡಗು ಚುಕ್ಕೆಯಾದ ಮೇಲೆ ಅಕ್ಕ ಶಾಲಿನಲ್ಲಿ ಮುಖ ಒರೆಸಿಕೊಂಡು ಮ್ಯಾನೇಜರರ ಕಡೆ ತಿರುಗಿದರು.

"ಈಗ ನನ್ನ ಪರಿಹಾರ," ಎಂದರು. "ಮುಂದಿನ ವರ್ಷ ಇದೇ ದಿನ ಮೂಲೆ ಕೋಣೆ ನಂದು. ಕಟಕಟೆ ಗಟ್ಟಿ ಇರಬೇಕು. ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿಸಿ. ಇನ್ನು ಕೈ ಬೀಸೋ ಕೆಲಸ ಇಲ್ಲ, ಅವರು ಪಕ್ಕದಲ್ಲೇ ಕೂತಿರ್ತಾರೆ."

"ಹಾಕಿಸ್ತೀನಿ ಅಕ್ಕಾ," ಎಂದ ಗಡಿಬಿಡಿ, ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ. "ಎರಡೂ ನೆಟ್ಟಗೆ ನಿಂತಿರೋ ಕುರ್ಚಿನೇ."