ಖಾಲಿ ಜಾಗದಲ್ಲಿ ‘ಇಲ್ಲ’ ಎಂದವರು ಯಾರು

ಅಫ್ಸಾನಾ ಗಂಗಾವತಿಯ ನಮ್ಮ ಕಟ್ಟೆಗೆ ಬಂದು ಕೂತವಳೇ ನಾನು ಕೊಟ್ಟ ಚಹಾದಲ್ಲಿ ಅರ್ಧವನ್ನು ಊರಿಗೆಲ್ಲ ಹಂಚಿದಳು. ಅವಳು ಆನೆಗೊಂದಿಯ ಸಣ್ಣ ದವಾಖಾನೆಯ ನರ್ಸ್. ನಾನು ಹುಲಗಮ್ಮ, ಮೆಹಜಬೀನಳ ಮನೆಯಲ್ಲಿ ಬಾಡಿಗೆಗಿರುವ ಮುದುಕಿ. ಮೆಹಜಬೀನ ಕಂಪ್ಯೂಟರ್ ಕಲಿಸುತ್ತಾಳೆ. ಯಾರಿಗೂ ಬಗೆಹರಿಯದ ತಕರಾರುಗಳು ಅವಳ ಬಳಿಗೇ ಬರುತ್ತವೆ.

“ನಾಳಿ ನನ್ನ ಕೆಲಸದಿಂದ ತಗೀತಾರ್ರಿ ಮೇಡಂ,” ಎಂದಳು ಅಫ್ಸಾನಾ ಮೆಹಜಬೀನಳಿಗೆ. “ಅಂದಪ್ಪ ಗುಡ್ಡದಿಂದ ಬಿದ್ದು ಎಚ್ಚರ ಇಲ್ದ ಬಂದಿದ್ದ. ಯಾವ ಔಷಧ ಒಗ್ಗೂದಿಲ್ಲ ಅಂತ ಕೇಳಾಕ ಆಗ್ಲಿಲ್ಲ, ಆ ಜಾಗ ಖಾಲಿ ಬಿಟ್ಟೆ. ಖಾಲಿ ಅಂದ್ರ ಇನ್ನೂ ಕೇಳ್ಬೇಕು ಅಂತ ನಮ್ಮಲ್ಲಿ ರೂಢಿ. ಅವನ್ನ ಕೊಪ್ಪಳದ ದೊಡ್ಡ ದವಾಖಾನಿಗೆ ಕಳಿಸಿದ್ವಿ. ಆದ್ರ ಅಲ್ಲಿಗೆ ‘ಒಗ್ಗದ ಔಷಧ: ಇಲ್ಲ’ ಅಂತ ಚೀಟಿ ಬಂದೈತಿ. ಸೂಜಿ ಮಾಡಿದ್ರು. ಮಾರಿ ಬಾತು, ಉಸಿರು ಕಟ್ಟಿ, ಹೆಂಗೋ ಉಳದಾನ. ‘ಇಲ್ಲ’ ಅಂತ ನೀನ ಬರದು ಆಮ್ಯಾಲ ಅಳಿಸೀದಿ ಅಂತಾರ.”

“ಅಳೂದು ಸಾಕು ಬಿಡವ್ವ, ಡ್ಯಾಮಿನ ಗೇಟು ತಗದಂಗ ಆತು,” ಎಂದೆ. ಅವಳು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆನೆಗೊಂದಿಯಲ್ಲಿದ್ದೆವು. ದವಾಖಾನೆ ನಡೆಸುವ ಡಾಕ್ಟರ್ ಕನಕಪ್ಪ, ಕಂಪ್ಯೂಟರ್ ನೋಡಿಕೊಳ್ಳುವ ಪರಮೇಶ, ಇಬ್ಬರೂ ಇದ್ದರು. ಕೊಪ್ಪಳ ತಲುಪಿದ ಮೂರು ಚೀಟಿಗಳ ನಕಲು ತರಿಸಿ ಮೆಹಜಬೀನ ಮೇಜಿನ ಮೇಲೆ ಹರಡಿದಳು. ಒಗ್ಗದ ಔಷಧದ ಹೆಸರು ತುಂಬಿದ್ದ ಚೀಟಿ ಸರಿಯಾಗಿಯೇ ಹೋಗಿತ್ತು. ಅಂದಪ್ಪನದರಲ್ಲಿ ‘ಇಲ್ಲ’ ಇತ್ತು. ಅವನು ಬಂದ ಮರುದಿನದ ರೋಗಿಗೂ ಅಫ್ಸಾನಾ ಖಾಲಿಯೇ ಬಿಟ್ಟಿದ್ದಳು; ಅವನ ಚೀಟಿಯಲ್ಲಿ ಮಾತ್ರ ‘ಕೇಳಿಲ್ಲ’ ಎಂದಿತ್ತು.

“ಈ ‘ಕೇಳಿಲ್ಲ’ ಯಾವಾಗಿಂದ ಬರಾಕತ್ತೈತ್ರಿ ಸಾಹೇಬ್ರ?” ಎಂದಳು ಮೆಹಜಬೀನ.

“ನಾ ಈಗ ನೋಡಾಕತ್ತೀನಿ,” ಎಂದರು ಕನಕಪ್ಪ. ಪರಮೇಶ ಎದ್ದು ಹೋಗಿ ಒಂದು ಕೊಡ ನೀರು ಕುಡಿದು ಬಂದ.

ಮೆಹಜಬೀನ ಕಂಪ್ಯೂಟರ್ ತೆಗೆದು ನೋಡಿ ಎಲ್ಲರನ್ನೂ ಕೂರಿಸಿದಳು.

“ಚೀಟಿ ಕೊಪ್ಪಳಕ್ಕ ಹೋಗೂ ಮುಂದ ಗಂಟು ಕಟ್ಟಿಕೊಂಡು ಹೋಗತೈತಿ. ಅದಕ್ಕ ಜೇಸನ್ ಅಂತಾರ.”

“ಯಾರ ಮಗನವ್ವ ಅಂವ?” ಎಂದೆ.

“ಮನುಷ್ಯ ಅಲ್ಲ ಹುಲಗವ್ವ, ಗಂಟು ಕಟ್ಟೂ ರೀತಿ. ರೋಗಿದು ದೊಡ್ಡ ಗಂಟು, ಅದರಾಗ ಒಗ್ಗದ ಔಷಧದ್ದು, ಅದರಾಗ ಇನ್ನೂ ಸಣ್ಣವು. ಹಗುರಾಗ್ಲಿ ಅಂತ ಯಾರೋ ಖಾಲಿ ಇದ್ದದ್ದೆಲ್ಲ ಕಿತ್ತುಹಾಕೂವಂಗ ಮಾಡ್ಯಾರ. ಒಳಗಿನವು ಖಾಲಿ, ಹೋದವು. ಆಗ ಔಷಧದ ಗಂಟೂ ಖಾಲಿಯಾತು, ಅದೂ ಹೋತು. ಆ ಗಂಟು ಕಾಣಲಿಲ್ಲಂದ್ರ ಕೊಪ್ಪಳದ ಕಂಪ್ಯೂಟರ್ ತಾನ ‘ಇಲ್ಲ’ ಅಂತ ತೋರಸ್ತೈತಿ.”

“ಪಂಕ್ತ್ಯಾಗ ಬರಬೇಕಾದವ್ರ ಖಾಲಿ ತಾಟು ಎತ್ತಿಟ್ರ, ಬಡಸಾಕಿ ಎಲ್ಲಾರೂ ಉಂಡಾರ ಅಂತ ತಿಳೀತಾಳ. ಹಂಗ?” ಎಂದೆ.

“ಹಂಗ.”

“ಅಂದ್ರ ‘ಇಲ್ಲ’ ಅಂತ ಯಾರೂ ಬರದಿಲ್ಲ,” ಎಂದರು ಕನಕಪ್ಪ.

“ಬರದಿಲ್ರಿ. ಆದ್ರ ಗೊತ್ತಿದ್ದವ್ರು ಒಬ್ರದಾರ. ಅಂದಪ್ಪನ ಮರುದಿನನ ಯಾರಿಗೂ ಹೇಳದ ರಿಪೇರಿ ಆಗೈತಿ. ರಿಪೇರಿ ಮಾಡಿದವ್ರಿಗೆ ಏನು ಕೆಟ್ಟಿತ್ತು ಅಂತ ಗೊತ್ತಿರಬೇಕಲ್ಲ? ಇಲ್ಲಿ ಆ ಕೆಲಸ ಬಲ್ಲವ್ರು ಒಬ್ರ.”

ಪರಮೇಶ ತಲೆ ಎತ್ತಲಿಲ್ಲ. “ಚೀಟಿ ಭಾಳ ಉದ್ದ ಅಂತ ಸಾಹೇಬ್ರು ಬೈದಿದ್ರು. ಖಾಲಿ ಇದ್ದದ್ದು ತಗದೆ. ಅಂದಪ್ಪಂದು ಆದ ಮ್ಯಾಲ ತಿಳೀತು. ಹೆದರಿದೆ.”

“ನಾ ಮೂರು ದಿನ ಉಂಡಿಲ್ಲ ಪರಮೇಶಣ್ಣ,” ಎಂದಳು ಅಫ್ಸಾನಾ. “ದಿನಾ ನನ್ನ ಎದುರ ಕೂತಿದ್ದಿ.”

ಕನಕಪ್ಪ ಕೆಲಸದಿಂದ ತೆಗೆಯುವ ಕಾಗದವನ್ನು ಹರಿದರು. ಅಫ್ಸಾನಾ ಅತ್ತ ನೋಡಲೂ ಇಲ್ಲ.

“ಖಾಲಿ ತಗದು ಎಷ್ಟು ದಿನಾತು?” ಎಂದು ಪರಮೇಶನನ್ನು ಕೇಳಿದಳು.

“ನಾಕು ತಿಂಗಳು.”

ಅವಳು ಕಂಪ್ಯೂಟರಿನ ಮುಂದೆ ಕೂತು ರಿಪೇರಿಯಾಗುವವರೆಗಿನ ನಾಲ್ಕು ತಿಂಗಳಲ್ಲಿ ತಾನು ಖಾಲಿ ಬಿಟ್ಟ ಹೆಸರುಗಳನ್ನು ತೆಗೆಸಿದಳು. ನೂರಾ ಹನ್ನೊಂದು. ಅಷ್ಟೂ ಜನರ ಹೆಸರಿನ ಮುಂದೆ ಕೊಪ್ಪಳದಲ್ಲಿ ಇನ್ನೂ ‘ಇಲ್ಲ’ ಎಂದೇ ಇತ್ತು. ಮೊದಲ ಹೆಸರು ಇಮಾಮಬಾನು. ಯಾವ ಔಷಧ ಒಗ್ಗುವುದಿಲ್ಲ ಎಂದು ಕೇಳಲು ಫೋನು ಹಚ್ಚಿದಳು.

ಆ ಕಡೆ ಯಾರೂ ಎತ್ತಲಿಲ್ಲ. ಅಫ್ಸಾನಾ ಮತ್ತೆ ಅದೇ ನಂಬರಿಗೆ ಹಚ್ಚಿದಳು.